ಪರದೆಯ ಮೇಲಿನ ಜಲವರ್ಣ ಪ್ಲಾಸ್ಟಿಕ್‌ನಂತೆ ಕಾಣುವುದೇಕೆ?

ಪ್ರಶ್ನೆ: ಕ್ರಿತಾ ತಂತ್ರಾಂಶದಲ್ಲಿ ಮಲೆನಾಡಿನ ಮಳೆಗಾಲದ ದೃಶ್ಯಗಳನ್ನು ಜಲವರ್ಣದ ಶೈಲಿಯಲ್ಲಿ ಬಿಡಿಸುತ್ತಿದ್ದೇನೆ. ಜಲವರ್ಣದ ಬ್ರಷ್‌ಗಳನ್ನೇ ಬಳಸಿ, ಕೊನೆಯಲ್ಲಿ ಇಡೀ ಚಿತ್ರದ ಮೇಲೆ ಕಾಗದದ ಟೆಕ್ಸ್ಚರ್ ಹರಡಿದರೂ ಅದು ಪ್ಲಾಸ್ಟಿಕ್ ಹಾಳೆಯಂತೆಯೇ ಕಾಣುತ್ತದೆ. ದುಬಾರಿ ಬ್ರಷ್‌ಗಳನ್ನು ಕೊಳ್ಳಬೇಕೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕೊಳ್ಳಬೇಕಾಗಿಲ್ಲ. ಕ್ರಿತಾ ಉಚಿತ ತಂತ್ರಾಂಶ. ಅದರ ಜೊತೆಗೇ ಬರುವ ಬ್ರಷ್‌ಗಳು ಈ ಕೆಲಸಕ್ಕೆ ಧಾರಾಳವಾಗಿ ಸಾಕು. ತೊಡಕಿರುವುದು ಟೆಕ್ಸ್ಚರನ್ನು ಕೊನೆಗೆ ಹಾಕುವ ಕ್ರಮದಲ್ಲಿ. ಕಾಗದದ ಉಬ್ಬುತಗ್ಗುಗಳು ಚಿತ್ರ ಮುಗಿದ ಮೇಲೆ ಬಂದು ಕೂರುವಂಥವಲ್ಲ. ಮೊದಲ ಗೆರೆಯಿಂದಲೇ ಬಣ್ಣ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದನ್ನು ಅವು ನಿರ್ಧರಿಸುತ್ತಿರುತ್ತವೆ. ಒರಟು ಕಾಗದದ ಮೇಲೆ ಅರೆ ಒಣಗಿದ ಕುಂಚವನ್ನು ಎಳೆದರೆ ಬಣ್ಣ ಉಬ್ಬುಗಳಿಗಷ್ಟೇ ಹತ್ತಿ ತಗ್ಗುಗಳು ಬಿಳಿಯಾಗಿ ಉಳಿಯುತ್ತವೆ; ಅದೇ ಕಾಗದದ ಮೇಲೆ ಅಲ್ಟ್ರಾಮರೀನ್ ನೀಲಿಯನ್ನು ನೀರಾಗಿ ಹರಿಸಿದರೆ ಅದರ ಕಣಗಳು ತಗ್ಗುಗಳಲ್ಲಿ ತಂಗಿ, ಉಬ್ಬುಗಳು ತಿಳಿಯಾಗುತ್ತವೆ. ಎರಡಕ್ಕೂ ಒಂದೇ ಟೆಕ್ಸ್ಚರನ್ನು ಮೇಲಿನಿಂದ ಹೊದಿಸಿದಾಗ ಕಣ್ಣಿಗೆ ಕೂಡಲೇ ಅನುಮಾನ ಬರುತ್ತದೆ. ಆದ್ದರಿಂದ ಬ್ರಷ್‌ನ ಸೆಟ್ಟಿಂಗ್‌ನಲ್ಲಿರುವ ಟೆಕ್ಸ್ಚರ್ ಆಯ್ಕೆಗೆ ಹೋಗಿ, ಒಣ ಕುಂಚದಂತೆ ಎಳೆಯುವ ಬ್ರಷ್‌ಗೂ ವಾಷ್ (ನೀರಾಗಿ ಹರಡುವ ತೆಳು ಬಣ್ಣ) ಹಾಕುವ ಬ್ರಷ್‌ಗೂ ಒಂದೇ ಕಾಗದದ ಮಾದರಿಯನ್ನು ಒಂದೇ ಅಳತೆಯಲ್ಲಿ ಕೊಡಿ. ವಾಷ್ ಹಾಕುವ ಬ್ರಷ್‌ನಲ್ಲಿ ಮಾತ್ರ ಅದನ್ನು ತಿರುಗುಮುರುಗಾಗಿಸಿ, ಅಂದರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗುವಂತೆ ಮಾಡಿ.

ಅಂಚುಗಳ ವಿಷಯ ಇನ್ನೂ ಮುಖ್ಯ. ಮೇಜಿನ ಮೇಲೆ ಚೆಲ್ಲಿದ ಕಾಫಿಯ ಹನಿ ಒಣಗಿದಾಗ ಸುತ್ತ ಕಪ್ಪು ಉಂಗುರ ಮೂಡುವುದನ್ನು ಎಲ್ಲರೂ ಕಂಡಿದ್ದಾರೆ. ಅಂಚಿನಲ್ಲಿ ನೀರು ಬೇಗ ಆವಿಯಾಗುವುದರಿಂದ ಒಳಗಿನ ನೀರು ಅತ್ತ ಹರಿದು ಕಣಗಳನ್ನೂ ಹೊತ್ತೊಯ್ಯುತ್ತದೆ. ಜಲವರ್ಣದಲ್ಲಿಯೂ ನಡೆಯುವುದು ಇದೇ. ಪರದೆಯಲ್ಲಿ ಇದನ್ನು ತರಲು, ವಾಷ್ ಇರುವ ಲೇಯರಿನ (ಪದರದ) ಆಕೃತಿಯನ್ನು ಸೆಲೆಕ್ಟ್ ಮಾಡಿ, ಆ ಸೆಲೆಕ್ಷನ್ನನ್ನು ಕೆಲವು ಪಿಕ್ಸೆಲ್‌ಗಳಷ್ಟು ಒಳಕ್ಕೆ ಕುಗ್ಗಿಸಿ, ಅದರ ಗಡಿಯನ್ನು ಮೃದುಗೊಳಿಸಿ, ಒಳಭಾಗವನ್ನಷ್ಟೇ ತುಸು ತಿಳಿಯಾಗಿಸಬೇಕು. ಆದರೆ ಎಲ್ಲ ಅಂಚುಗಳಿಗೂ ಹೀಗೆ ಮಾಡಬೇಡಿ: ಒದ್ದೆ ಕಾಗದದ ಮೇಲೆ ಹರಡಿದ ಬಣ್ಣಕ್ಕೆ ಗಟ್ಟಿ ಅಂಚೇ ಇರುವುದಿಲ್ಲ, ಮಳೆಗಾಲದ ಆಕಾಶವಂತೂ ಬಹುಪಾಲು ಹಾಗೆಯೇ ಇರಬೇಕು. ಕೆ. ವೆಂಕಟಪ್ಪನವರು (1886–1965) ಊಟಿ, ಕೊಡೈಕನಾಲ್‌ಗಳ ಬೆಟ್ಟಗಳನ್ನು ಜಲವರ್ಣದಲ್ಲಿ ಚಿತ್ರಿಸಿದ್ದಾರೆ; ಬೆಂಗಳೂರಿನಲ್ಲಿ ಅವರ ಹೆಸರಿನ ಗ್ಯಾಲರಿಯಲ್ಲಿ ಮೂಲಕೃತಿಗಳನ್ನು ನೋಡುವ ಅವಕಾಶ ಒದಗಿದರೆ, ಬೆಟ್ಟ ಮತ್ತು ಆಕಾಶ ಸೇರುವ ಗೆರೆಯನ್ನೇ ಹತ್ತಿರದಿಂದ ಗಮನಿಸಿ. ಮೊಬೈಲ್‌ನಲ್ಲಿ ನೋಡುವ ಫೋಟೊದಿಂದ ಇದು ತಿಳಿಯುವುದಿಲ್ಲ.

ಬಿಳಿ ಬಣ್ಣವನ್ನು ಮುಟ್ಟಬೇಡಿ. ಬೆಳಕು ಬೇಕಾದ ಜಾಗವನ್ನು ಮೊದಲೇ ಖಾಲಿ ಬಿಡಿ. ಎ4 ಅಳತೆಯ ಚಿತ್ರಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆಗಳಂತೆ) 2480 × 3508 ಪಿಕ್ಸೆಲ್‌ಗಳು ಬೇಕು. ಅಷ್ಟು ಇಟ್ಟುಕೊಂಡು, ಇಡೀ ಹಾಳೆ ಕಾಣುವಂತೆಯೇ ಬಿಡಿಸಿ. ಪದೇ ಪದೇ ಜೂಮ್ ಮಾಡಿ ಎಲೆ ಎಲೆಯನ್ನೂ ತಿದ್ದುವ ಚಟವೇ, ನನ್ನ ದೃಷ್ಟಿಯಲ್ಲಿ, ಅರ್ಧಕ್ಕಿಂತ ಹೆಚ್ಚು ಚಿತ್ರಗಳನ್ನು ಕೆಡಿಸುತ್ತಿದೆ.

ಪ್ರಶ್ನೆ: ಕಾಗದದ ಮೇಲೆ ನೀಲಿಗೆ ಹಳದಿ ಬೆರೆಸಿದರೆ ಹಸಿರಾಗುತ್ತದೆ, ಟ್ಯಾಬ್ಲೆಟ್‌ನಲ್ಲಿ ಮಾತ್ರ ಮಂಕು ಬೂದಿ ಬಣ್ಣವಾಗುತ್ತದೆ. ಏಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹೆಚ್ಚಿನ ತಂತ್ರಾಂಶಗಳು ಬಣ್ಣಗಳನ್ನು ಬೆರೆಸುವುದಿಲ್ಲ, ಕೆಂಪು, ಹಸಿರು, ನೀಲಿ ಬೆಳಕಿನ ಅಂಕಿಗಳ ಸರಾಸರಿ ತೆಗೆಯುತ್ತವೆ. ಶುದ್ಧ ನೀಲಿಯ 0, 0, 255 ಮತ್ತು ಶುದ್ಧ ಹಳದಿಯ 255, 255, 0 ಇವುಗಳ ಸರಾಸರಿ ಮೂರೂ ಕಡೆ ಸುಮಾರು 128 ಆಗುತ್ತದೆ, ಅಂದರೆ ಅಪ್ಪಟ ಬೂದಿ. ನಿಜವಾದ ಬಣ್ಣದ ಪುಡಿಯಾದರೋ ಬೆಳಕಿನ ಒಂದಂಶವನ್ನು ಹೀರಿ ಉಳಿದುದನ್ನು ಚದುರಿಸುತ್ತದೆ. ಇದರ ಗಣಿತವನ್ನು ಕುಬೆಲ್ಕಾ ಮತ್ತು ಮುಂಕ್ 1931ರಲ್ಲೇ ರೂಪಿಸಿದ್ದರು. ರೆಬೆಲ್‌ನ ಪ್ರೊ ಆವೃತ್ತಿಯಂಥ ಕೆಲವು ತಂತ್ರಾಂಶಗಳಲ್ಲಿ ಈಗ ಅದೇ ಬಗೆಯ ಬೆರಕೆ ಸಿಗುತ್ತದೆ. ಹಣ ಕೊಡಲು ಮನಸ್ಸಿಲ್ಲದಿದ್ದರೆ, ತಿಳಿ ಹಳದಿಯ ವಾಷ್ ಒಂದನ್ನು ಹಾಕಿ, ಅದರ ಮೇಲೆ ಬೇರೆ ಲೇಯರಿನಲ್ಲಿ ತಿಳಿಯಾದ ಆಕಾಶನೀಲಿಯನ್ನು ಬಳಿದು, ಆ ಲೇಯರನ್ನು, ಮೇಲಿನ ಬಣ್ಣವನ್ನು ಕೆಳಗಿನದರೊಂದಿಗೆ ಗುಣಿಸಿ ಗಾಢವಾಗಿಸುವ ಮಲ್ಟಿಪ್ಲೈ ಮೋಡ್‌ಗೆ ಬದಲಿಸಿ. ಹಸಿರು ತಾನಾಗಿ ಬರುತ್ತದೆ. ನೀಲಿ ಗಾಢವಾಗಿದ್ದರೆ ಮಾತ್ರ ಕಪ್ಪಿನತ್ತ ಹೊರಳುತ್ತದೆ.