ಡಾಲ್ಫಿನ್‌ಗಳನ್ನು ಹಿಡಿಯದೆ ಗುರುತಿಸುವುದು ಹೇಗೆ?

ಚಳ್ಳಕೆರೆಯಿಂದ ಕಾರವಾರಕ್ಕೆ ಹೋದಾಗ ಡಾಲ್ಫಿನ್ ನೋಡಿದಿರಿ, ಅವನ್ನು ಒಂದೊಂದಾಗಿ ಹೇಗೆ ಗುರುತಿಸುತ್ತಾರೆ, ಅವಕ್ಕೆ ಅಪಾಯ ಏನು ಅಂತ ಕೇಳಿದ್ದೀರಿ.

ನಿಮ್ಮ ಕಡೆ ಕುರಿ ಕಾಯುವವರು ದೊಡ್ಡ ಹಿಂಡಿನಲ್ಲೂ ಕಿವಿಯ ಗುರುತು ನೋಡಿ ತಮ್ಮ ಕುರಿ ಹೇಳುತ್ತಾರಲ್ವಾ? ಇದೂ ಹಾಗೇ. ಡಾಲ್ಫಿನ್ ಉಸಿರಾಡಲು ಮೇಲೆ ಬಂದಾಗ ಬೆನ್ನಿನ ರೆಕ್ಕೆಯ ಫೋಟೋ ತೆಗೆಯುತ್ತಾರೆ. ಅದರ ಹಿಂಬದಿಯ ಅಂಚಿನಲ್ಲಿ ಸಣ್ಣ ಹರುಕು, ಕಚ್ಚು, ಗಾಯದ ಕಲೆ ಇರುತ್ತವೆ. ಒಂದರಂತೆ ಇನ್ನೊಂದು ಇರುವುದಿಲ್ಲ. ವರ್ಷಗಟ್ಟಲೆ ಫೋಟೋ ಹೋಲಿಸಿದರೆ ಯಾವುದು ಉಳಿದಿದೆ, ಯಾವುದು ಮರಿ ಹಾಕಿದೆ ಅಂತ ತಿಳಿಯುತ್ತದೆ. ನೀರೊಳಗೆ ಮೈಕ್ ಇಳಿಸಿ ಅವುಗಳ ಸದ್ದನ್ನೂ ಕೇಳುತ್ತಾರೆ.

ದೊಡ್ಡ ಅಪಾಯ ಮೀನಿನ ಬಲೆ. ಡಾಲ್ಫಿನ್ ಮೀನಲ್ಲ, ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಬಲೆಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ಉಸಿರುಕಟ್ಟಿ ಸಾಯುತ್ತದೆ. ನೆನೆದರೆ ಸಂಕಟವಾಗುತ್ತದೆ. ದೋಣಿಗಳ ಸದ್ದಿನಿಂದಲೂ ತೊಂದರೆ ಇದೆ, ಯಾಕೆಂದರೆ ಅವು ಹೆಚ್ಚಾಗಿ ತಾವು ಮಾಡಿದ ಸದ್ದಿನ ಮರುದನಿ ಕೇಳಿ ಬೇಟೆ ಹುಡುಕುತ್ತವೆ.

1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇವಕ್ಕಿದೆ. ಮುಂದಿನ ಸಲ ಹೋದಾಗ ದೋಣಿಯವರಿಗೆ 'ಹಿಂದೆ ಅಟ್ಟಿಸ್ಕೊಂಡು ಹೋಗಬೇಡಿ, ದೂರದಲ್ಲೇ ನಿಧಾನ ಮಾಡಿ' ಅನ್ನಿ. ಹಾಗೆ ನೋಡಿದರೇನೇ ಅವು ಜಾಸ್ತಿ ಹೊತ್ತು ಕಾಣುತ್ತವೆ.