ಸುರಂಗವನ್ನು ಗ್ಯಾಲರಿಗೆ ತರಲು ಆಗುವುದಿಲ್ಲ

ಕಾಸರಗೋಡಿನ ಕಡೆಯಲ್ಲಿ ಕಲೆ ಓದುವವರಿಗೆ ಮುಂದೇನು ದಾರಿ ಎಂದು ಕೇಳಿದ್ದೀರಿ. ನನ್ನ ಚಿಕ್ಕಪ್ಪನ ಮಗಳು ಈಗ ಎಂ.ಎ. ಮಾಡುತ್ತಾ ಪ್ರದರ್ಶನ ಕಟ್ಟುವ ಕೆಲಸಕ್ಕೆ ಇಳಿದಿದ್ದಾಳೆ. ಅವಳನ್ನು ನೋಡಿ ತಿಳಿದದ್ದು ಹೇಳುತ್ತೇನೆ.

ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಲ್ಲಿ ಚಿತ್ರಕಲೆ ಓದಲು ಕೆಲವರು ಮೈಸೂರಿಗೆ ಹೋಗುತ್ತಾರೆ, ಕೆಲವರು ಕೇರಳದ ಒಳಗಿನ ಕಾಲೇಜುಗಳಿಗೆ. ಕೊಚ್ಚಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನವಾದ ಬಿನಾಲೆಯ ಜೊತೆಗೆ 2014ರಿಂದ ವಿದ್ಯಾರ್ಥಿಗಳದ್ದೇ ಬಿನಾಲೆಯೂ ನಡೆಯುತ್ತಿದೆ. ಯಾವುದನ್ನು ಆರಿಸಬೇಕು, ಎಲ್ಲಿ ಇಡಬೇಕು, ಬೆಳಕು ಎಷ್ಟು ಬೇಕು ಎಂಬುದನ್ನು ಅಂಥ ಕಡೆ ಕಲಿಯಬಹುದು. ಆದರೆ ಹೇಳಬೇಕಾದ ಕಥೆ ಇರುವುದು ಊರಲ್ಲಿ, ಅಲ್ವಾ?

ಪ್ರದರ್ಶನಕ್ಕೆ ಅವಳು ಆರಿಸಿಕೊಂಡದ್ದು ಸುರಂಗ. ನಮ್ಮಲ್ಲಿ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯುತ್ತಾರೆ. ಒಬ್ಬ ಮನುಷ್ಯ ನುಗ್ಗುವಷ್ಟೇ ಜಾಗ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಬಾಯಾರು, ಪಡ್ರೆ ಕಡೆ ಇಂಥವು ಜಾಸ್ತಿ. ಕೊರೆಯುವವರು ಒಳಗೆ ದೀಪ ಹಚ್ಚಿಟ್ಟುಕೊಳ್ಳುತ್ತಾರೆ. ಅದು ಬೆಳಕಿಗೆ ಮಾತ್ರವಲ್ಲ. ದೀಪ ಮಂಕಾದರೆ ಗಾಳಿ ಸಾಲದು ಎಂದು ಅರ್ಥ, ಆಗ ಹೊರಗೆ ಬರಬೇಕು. ಯಾವ ಗುಡ್ಡೆಯಲ್ಲಿ ನೀರಿದೆ, ಎಲ್ಲಿ ಕುಸಿಯಬಹುದು ಎಂಬ ತಿಳಿವಳಿಕೆ ಕೊರೆದವರ ತಲೆಯಲ್ಲಿದೆ. ಊರೂರಲ್ಲಿ ಬೋರ್‌ವೆಲ್ ಬಂದ ಮೇಲೆ ಅವರನ್ನು ಕರೆಯುವವರು ಕಡಿಮೆ.

ಸುಮ್ನೆ ಹಾರೆ, ಬುಟ್ಟಿ ತಂದಿಟ್ಟರೆ ಈ ಕಥೆ ತಿಳಿಯುವುದಿಲ್ಲ. ಆದ್ದರಿಂದ ಅವಳು ಕೊರೆದವರ ಮನೆಗೇ ಹೋಗುತ್ತಾಳೆ. ಅಜ್ಜಂದಿರು ತುಳುವಿನಲ್ಲಿ ಹೇಳುತ್ತಾರೆ. ಅದನ್ನು ಹಾಗೆಯೇ ರೆಕಾರ್ಡ್ ಮಾಡಿ ಕನ್ನಡ, ಮಲಯಾಳ ಎರಡರಲ್ಲೂ ಬರೆದಿಡುತ್ತಾಳೆ. ಮೊದಲ ಪ್ರದರ್ಶನ ಊರಿನ ಶಾಲೆಯ ಜಗಲಿಯಲ್ಲಾಯಿತು. ಅಲ್ಲಿಗೆ ಬಂದ ಒಬ್ಬ ಅಜ್ಜ ನಕ್ಷೆ ನೋಡಿ, ಸುರಂಗ ಎಲ್ಲಿ ತಿರುಗುತ್ತದೆ ಎಂದು ಪೆನ್ಸಿಲಿನಲ್ಲಿ ತಿದ್ದಿಕೊಟ್ಟರು. ಆ ಗೆರೆ ಅಳಿಸದೆ ಹಾಗೇ ಇಟ್ಟಿದ್ದಾಳೆ. ನನಗೆ ಅವಳ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಹೇಳಿದವರಿಗೇ ತಿದ್ದುವ ಹಕ್ಕಿರಬೇಕು.

ಹೊರಗಿನವರು ನಮ್ಮ ಬಗ್ಗೆ ಕೇಳುವುದು ಹೆಚ್ಚಾಗಿ 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ವಿಚಾರ. ಆ ನೋವು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಗಡಿಯ ಗಲಾಟೆಯೊಂದೇ ನಮ್ಮ ಬದುಕಲ್ಲ. ಈ ಗುಡ್ಡೆ, ಈ ನೀರು, ಇದನ್ನು ಕೊರೆದ ಕೈಗಳು ಕೂಡ ನಮ್ಮ ಚರಿತ್ರೆಯೇ.

ನೋಡಲು ಬರುವುದಾದರೆ ಮೊದಲೇ ತಿಳಿಸಿ. ಸುರಂಗಗಳು ಹೆಚ್ಚಾಗಿ ಮನೆಯವರ ತೋಟದಲ್ಲೇ ಇವೆ, ಅವರನ್ನು ಕೇಳಿಯೇ ಹೋಗಬೇಕು. ಒಬ್ಬರೇ ಒಳಗೆ ಇಳಿಯಬೇಡಿ.