ನೆರವು ಬೇಡ ಎನ್ನುತ್ತಿರುವವರು ಯಾರು, ಮೊದಲು ಅದನ್ನು ನೋಡಿ

ಭಾರತ ಇಷ್ಟು ದೊಡ್ಡ ಆರ್ಥಿಕತೆ, ಶ್ರೀಮಂತ ದೇಶ ಆದ ಮೇಲೂ ಹೊರದೇಶದ ನೆರವು ತೆಗೆದುಕೊಳ್ಳುವುದು ನಾಚಿಕೆ ಅಲ್ವಾ ಎಂದು ಕೇಳಿದ್ದೀರಿ. 2018ರ ಆಗಸ್ಟ್‌ನಲ್ಲಿ ನಮ್ಮ ಮನೆಯ ವಿಷಯದಲ್ಲಿ ನಾನೂ ಇದೇ ಮಾತಾಡಿದ್ದೆ.

ಕೊಡಗಿನ ಮಕ್ಕಂದೂರು ಕಡೆ ನಮ್ಮದು ಕಾಫಿ ತೋಟ. ಆ ಆಗಸ್ಟ್‌ನ ಮಳೆಗೆ ಗುಡ್ಡದ ಇಳಿಜಾರು ಕುಸಿದು ಕಾಫಿ ಗಿಡ, ಮೆಣಸಿನ ಬಳ್ಳಿ, ನೆರಳಿನ ಮರ ಎಲ್ಲ ಕೆಳಗಿನ ಗದ್ದೆಗೆ ಬಂದು ಬಿದ್ದವು. ತೋಟದ ಕೆಲಸದವರು ಇರುವ ಸಾಲು ಮನೆ, ಅಂದರೆ ಲೈನ್ ಮನೆ, ಪೂರ್ತಿ ಮಣ್ಣಿನಡಿ ಹೋಯಿತು. ಅಲ್ಲಿದ್ದವರು ಅಷ್ಟರಲ್ಲಿ ಮಡಿಕೇರಿಯ ಪರಿಹಾರ ಕೇಂದ್ರ ಸೇರಿದ್ದರಿಂದ ಜೀವ ಉಳಿಯಿತು. ನಾವಿದ್ದ ಮನೆಗೆ ಏನೂ ಆಗಲಿಲ್ಲ.

ಮಳೆ ನಿಂತ ಮೇಲೆ ಹಾನಿ ಬರೆದುಕೊಳ್ಳಲು ಬಂದವರಿಗೆ ನಾನು ಬೇಡ ಎಂದೆ. "ನಮಗಿಂತ ಕಷ್ಟದಲ್ಲಿರುವವರಿಗೆ ಕೊಡಿ ಸಾರ್" ಎಂದು ಕಾಫಿ ಕೊಟ್ಟು ಕಳಿಸಿದೆ. ಅಪ್ಪನಿಗೂ ಅದೇ ಮರ್ಯಾದೆ ಅನಿಸಿತು. ತಪ್ಪಾಗಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೈನ್ ಮನೆ ಇದ್ದ ಜಾಗದ ಪಹಣಿ ಅಪ್ಪನ ಹೆಸರಲ್ಲಿತ್ತು. ಅಲ್ಲಿ ವಾಸವಿದ್ದ ಯರವ ಬುಡಕಟ್ಟಿನ ಕುಟುಂಬಗಳ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಮಹಜರು ಬೇಡ ಎಂದಾಗ ನಾನು ಬಿಟ್ಟುಕೊಟ್ಟಿದ್ದು ನನ್ನ ಗಿಡಗಳ ಪರಿಹಾರ ಎಂದೇ ತಿಳಿದಿದ್ದೆ. ಆದರೆ ಮಹಜರು ಆಗದೆ ಅಲ್ಲೊಂದು ಮನೆ ಇತ್ತು, ಅದರಲ್ಲಿ ಇಂಥವರು ಇದ್ದರು ಎಂಬುದೇ ಎಲ್ಲೂ ದಾಖಲಾಗಲಿಲ್ಲ. ಮುಂದೆ ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಸಂತ್ರಸ್ತರಿಗೆ ಮನೆ ಕಟ್ಟಿದರು. ಪಟ್ಟಿಯಲ್ಲಿ ಇವರ ಹೆಸರಿಲ್ಲ. ಕಚೇರಿಗಳಿಗೆ ಓಡಾಡಿದೆ. ಅಷ್ಟರಲ್ಲಿ ನಾವು ಮಣ್ಣು ಸರಿಸಿ ನೆಲ ಸಮ ಮಾಡಿಸಿದ್ದೆವು, ತೋರಿಸಲು ಒಂದು ಗೋಡೆಯೂ ಉಳಿದಿರಲಿಲ್ಲ. ನಾನು ಹುಟ್ಟುವ ಮೊದಲಿನಿಂದ ನಮ್ಮ ತೋಟದಲ್ಲಿದ್ದವರು ವಿರಾಜಪೇಟೆ ಕಡೆ ಬೇರೆ ಲೈನ್ ಮನೆ ಹುಡುಕಿಕೊಂಡು ಹೋದರು.

ಅದೇ ಆಗಸ್ಟ್‌ನಲ್ಲಿ ಕೇರಳವೂ ಮುಳುಗಿತ್ತು. ಹೊರದೇಶದ ಸರ್ಕಾರಗಳ ನೆರವು ಬೇಡ ಎಂದು ದೆಹಲಿ ಹೇಳಿತು. 2004ರ ಸುನಾಮಿಯಿಂದ ಅದೇ ರೂಢಿ. ಆಗ ಪೇಪರಿನಲ್ಲಿ ಓದಿ ಹೆಮ್ಮೆಪಟ್ಟಿದ್ದೆ. ಈಗ ಆ ಹೆಮ್ಮೆ ಇಲ್ಲ. 2021ರಲ್ಲಿ ಆಮ್ಲಜನಕ ಸಿಗದೆ ಜನ ಸಾಯುತ್ತಿದ್ದಾಗ ಆ ರೂಢಿ ಬಿಟ್ಟು ಹೊರಗಿನಿಂದ ಕಾನ್ಸಂಟ್ರೇಟರ್, ವೆಂಟಿಲೇಟರ್ ತೆಗೆದುಕೊಂಡರಲ್ಲ, ಅದು ಸರಿಯಾದ ಕೆಲಸ.

ಇನ್ನು "ಶ್ರೀಮಂತ ದೇಶ" ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಆರ್ಥಿಕತೆಯ ಒಟ್ಟು ಗಾತ್ರ ಹಿಡಿದು ನೆರವನ್ನು ಅಳೆಯಬಾರದು. ಒಇಸಿಡಿ ಎಂಬ, ಹೆಚ್ಚಾಗಿ ಶ್ರೀಮಂತ ದೇಶಗಳ ಸಂಘಟನೆ ಮಾಡುವ ನೆರವು ಪಡೆಯಬಹುದಾದ ದೇಶಗಳ ಪಟ್ಟಿಯೂ ನೋಡುವುದು ತಲಾ ಆದಾಯವನ್ನೇ. ಸತತ 3 ವರ್ಷ ಹೆಚ್ಚಿನ ಆದಾಯದ ಗೆರೆ ದಾಟಿದ ದೇಶದ ಹೆಸರು ತೆಗೆಯುತ್ತಾರೆ, 2018ರಲ್ಲಿ ಚಿಲಿ, ಉರುಗ್ವೆ ಹಾಗೇ ಹೊರಬಂದವು. ಚೀನಾದ ತಲಾ ಆದಾಯ 12,000 ಡಾಲರ್ ದಾಟಿದೆ, ನಮ್ಮದು 2023ರಲ್ಲಿ ಸುಮಾರು 2,500. ಜಪಾನ್ 2022ರಲ್ಲಿ ಚೀನಾಕ್ಕೆ ನೆರವು ಮುಗಿಸಿದ್ದು ನ್ಯಾಯವೇ. ನಮ್ಮನ್ನು ಅದೇ ಸಾಲಿನಲ್ಲಿ ನಿಲ್ಲಿಸಬೇಡಿ. ತಲಾ ಆದಾಯವೂ ಸರಾಸರಿ ತಾನೇ. ಕೊಡಗಿನ ಸರಾಸರಿ ತೆಗೆದರೆ ಲೈನ್ ಮನೆ ಕಾಣುವುದೇ ಇಲ್ಲ.

ನೆರವೆಲ್ಲ ದಾನ ಎಂಬುದೂ ಸರಿಯಲ್ಲ. ಬೆಂಗಳೂರು ಮೆಟ್ರೋಗೆ ಬಂದ ಜಪಾನಿನ ಹಣ ಸಾಲ, ಬಡ್ಡಿ ಸಮೇತ ತೀರಿಸುತ್ತೇವೆ. ಅದರಲ್ಲಿ ನಾಚಿಕೆ ಯಾಕೆ? ವರ್ಷವರ್ಷ ಬರುವ ಅನುದಾನ ನಿಂತರೆ ನನಗೆ ಬೇಸರವಿಲ್ಲ. ಬ್ರಿಟನ್ 2012ರಲ್ಲೇ ಘೋಷಿಸಿ 2015ಕ್ಕೆ ಅದನ್ನು ನಿಲ್ಲಿಸಿತು, ದೇಶ ನಡೆದುಕೊಂಡೇ ಹೋಯಿತು. ಭೂತಾನಿಗೆ ನಾವೇ ಕೊಡುತ್ತೇವೆ.

ಆದರೆ ನೆರೆ, ಭೂಕುಸಿತ, ಸಾಂಕ್ರಾಮಿಕ ಬಂದಾಗ ನನ್ನ ಉತ್ತರ ಬೇರೆ. ಬೇಡ ಎನ್ನುವ ಸರ್ಕಾರ ಅಷ್ಟೇ ಹಣವನ್ನು ತನ್ನ ಬೊಕ್ಕಸದಿಂದ, ಅದೇ ಜನರಿಗೆ, ಅದೇ ತಿಂಗಳು ಮುಟ್ಟಿಸಬೇಕು. ಪಹಣಿ ಇಲ್ಲದವರಿಗೆ ಮೊದಲು. ಅದು ಆಗದಿದ್ದರೆ ಕೊಡುವವರಿಂದ ತೆಗೆದುಕೊಳ್ಳಲಿ.